ಗುಂಡವ್ವನ ಬಾಣಂತನ

ನನ್ನ ಆಯುಷ್ಯದಲ್ಲಿ ನೀಲಗಿರಿ ಮರದ ಸಂಬಂಧ ಎರಡು ಸಲ ಬಂತು. ಮೊದಲು ಬಂದದ್ದು ಕಂಬದ ಸಂಬಂಧ. ಸೇಡಂ ಕಡೆಯಿಂದ ಮುಂಬಯಿಗೆ ಬಂದ ಹೊಸದರಲ್ಲಿ ಜೋಗೇಶ್ವರಿ, ಬೊರಿವಲಿ ಅನ್ನದೆ ಎಲ್ಲಿ ಬಿಲ್ಡಿಂಗ್ ಎದ್ದರೂ ಸ್ಲ್ಯಾಬಿನ ಕೆಳಗೆ ನಿಲ್ಲಿಸುವ ನೀಲಗಿರಿ ಕಂಬಗಳನ್ನು ಹೆಗಲ ಮೇಲೆ ಹೊತ್ತೆ. ತೊಗಟೆ ಸುಲಿದ ಬೋಳು ಕಂಬ. ಆ ಮರಕ್ಕೆ ಎಲೆ ಹೇಗಿರುತ್ತದೆ ಎಂದು ಆಗ ನೋಡಿದವನೂ ಅಲ್ಲ, ಕೇಳಿದವನೂ ಅಲ್ಲ.

ಎರಡನೆಯ ಸಲ ಬಂದದ್ದು ಎಲೆಯ ಸಂಬಂಧ. ಮೊಣಕಾಲು ಸೋತು ಮೆಟ್ಟಿಲು ಹತ್ತಲಾಗದ ಕಾಲಕ್ಕೆ ಬೊರಿವಲಿಯ ಗುಡ್ಡದ ಬುಡದಲ್ಲಿ ಒಬ್ಬ ಸೇಠ್ ಕಟ್ಟಿಸಿದ ಪ್ರಾಣಿಗಳ ತೋಟದಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಕೊಆಲಾಗಳಿದ್ದವು. ನೋಡದವರಿಗೆ ಹೇಳುವುದಾದರೆ, ಕರಡಿಯ ಮರಿಯಷ್ಟು ದುಂಡಗೆ, ಬೂದಿ ಬಣ್ಣ, ಕಿವಿಯಲ್ಲಿ ಹತ್ತಿ ತುರುಕಿದಂತೆ ಬಿಳಿ ಕೂದಲು, ಮುಖದ ನಡುವೆ ಚಮಚವನ್ನು ಬೋರಲು ಹಾಕಿದಂಥ ಕರಿ ಮೂಗು. ನೀಲಗಿರಿ ಎಲೆ ಬಿಟ್ಟರೆ ಇನ್ನೊಂದನ್ನು ಮೂಸುವುದಿಲ್ಲ. ತಿಂದಷ್ಟು ತಿಂದು ಕೊಂಬೆಯ ಕವಲಿನಲ್ಲಿ ಕುಂಡಿ ಊರಿ ನಿದ್ದೆ ಮಾಡುತ್ತವೆ. ಕರ್ಜತ್ ಕಡೆಯಿಂದ ವ್ಯಾನಿನಲ್ಲಿ ಬರುವ ಎಲೆಯನ್ನು ತೊಳೆದು, ಎಳೆಯದನ್ನು ಆರಿಸಿ, ಅವುಗಳ ಮುಂದೆ ಕಟ್ಟುವುದು ನನ್ನ ಕೆಲಸ. ನನ್ನ ಹೆಂಡತಿ ಸುಂದ್ರವ್ವನಿಗೆ ಅದೇ ತೋಟದಲ್ಲಿ ಕಸ ಹೊಡೆಯುವ ಕೆಲಸ. ಇಬ್ಬರೂ ಬೆಳಿಗ್ಗೆ ಜೋಗೇಶ್ವರಿಯಿಂದ ಲೋಕಲ್ ಹಿಡಿದು ಬರುತ್ತಿದ್ದೆವು, ಸಂಜೆ ಕೂಡಿಯೇ ಹೋಗುತ್ತಿದ್ದೆವು.

ಆ ಕೊಆಲಾಗಳಲ್ಲಿ ಒಂದು ಹೆಣ್ಣು. ತೋಟದವರು ಅದಕ್ಕೆ ಬೆಲ್ಲಾ ಎಂದು ಹೆಸರಿಟ್ಟಿದ್ದರು. ಸುಂದ್ರವ್ವ ಮೊದಲ ದಿನವೇ ಅದನ್ನು ಗುಂಡವ್ವ ಎಂದು ಕರೆದಳು, ಆ ಹೆಸರೇ ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡವ್ವನ ಹೊಟ್ಟೆಯ ಚೀಲದಲ್ಲಿ ಮರಿ ಇರುವುದು ಗೊತ್ತಾಯಿತು. ಕೊಆಲಾದ ಮರಿ ಹುಟ್ಟುವಾಗ ಅವರೆಕಾಳಿನಷ್ಟಿರುತ್ತದಂತೆ. ಹುಟ್ಟಿದ ಕೂಡಲೇ ತೆವಳಿಕೊಂಡು ಚೀಲ ಸೇರಿ, ಅಲ್ಲಿಯೇ ಮೊಲೆ ಕಚ್ಚಿಕೊಂಡು ತಿಂಗಳುಗಟ್ಟಲೆ ಬೆಳೆಯುತ್ತದೆ. ಚೀಲದ ಬಾಯಿ ಅಲುಗಾಡುವುದನ್ನು ನೋಡಲು ಎಲ್ಲರೂ ಬಂದು ನಿಲ್ಲುತ್ತಿದ್ದರು.

ಅದೇ ವೇಳೆಗೆ ಗುಂಡವ್ವನ ಮೂಗಿನ ರಿಪೋರ್ಟ್ ಬಂತು.

ಅಲ್ಲಿನ ಡಾಕ್ಟರು ನಿಶ್ಮಿತಾಬಾಯಿ. ಉಡುಪಿ ಕಡೆಯವರು, ಅಪ್ಪನದು ಆಂಟಾಪ್ ಹಿಲ್‌ನಲ್ಲಿ ಹೋಟೆಲು. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲಿಯೇ ಆದರೂ ನಮ್ಮಿಬ್ಬರ ಜೊತೆ ಮಾತ್ರ ಕನ್ನಡ ಮಾತನಾಡುತ್ತಿದ್ದರು. ಅವರು ಎಲ್ಲ ಕೊಆಲಾಗಳ ಮೂಗಿಗೂ ಹತ್ತಿಯ ಕಡ್ಡಿ ಆಡಿಸಿ ಲ್ಯಾಬಿಗೆ ಕಳಿಸಿದ್ದರು. ಗುಂಡವ್ವನ ಮೂಗಿನಲ್ಲಿ ಮಾತ್ರ ಒಂದು ಜಾತಿಯ ಫಂಗಸ್ ಸಿಕ್ಕಿತು. ಗುಂಡವ್ವ ಕೂತು ಮಲಗುತ್ತಿದ್ದ ಕವಲು ಹಳೆಯ ನೇರಳೆ ಮರದ್ದು, ಮಳೆಯಲ್ಲಿ ಉರುಳಿದ ಮರದಿಂದ ಕಡಿದು ತಂದದ್ದು, ನಡುವೆ ಪೊಳ್ಳಾಗಿತ್ತು. ಆ ಪೊಳ್ಳಿನ ಪುಡಿಯಲ್ಲೂ ಅದೇ ಇತ್ತಂತೆ.

"ಏನ್ ರೋಗ ಬಾಯಿ ಅದು?" ಎಂದು ಕೇಳಿದೆ.

"ರೋಗ ಅಲ್ಲ ಕಾಕಾ. ಫಂಗಸ್ ಇದೆ, ರೋಗ ಇಲ್ಲ. ಮೂಗಿನ ಒಳಗೆ ಸುಮ್ನೆ ಕೂತಿದೆ. ರಕ್ತ ನೋಡಿದ್ರೆ ಅದ್ರಲ್ಲಿ ಎಂತದೂ ಇಲ್ಲ."

"ಬಾಡಗಿ ಮಂದಿ ಇದ್ದಂಗ ಅನ್ರಿ."

ಅವರು ನಕ್ಕರು. "ಹಾಂ, ಹಾಗೇ. ಗಲಾಟೆ ಮಾಡದೆ ಇದ್ರೆ ನಾವೂ ಸುಮ್ನೆ. ಶ್ವಾಸಕೋಶಕ್ಕೋ ಮಿದುಳಿಗೋ ಇಳಿದ್ರೆ ಮಾತ್ರ ಕಷ್ಟ."

"ಇಳೀತು ಅಂಬೋದು ಹೆಂಗ ತಿಳೀತದ?"

"ಸೀನು ಬರ್ತದೆ. ಮೂಗು ಸೋರ್ತದೆ. ತಿನ್ನೋದು ಬಿಡ್ತದೆ. ಅದನ್ನೇ ನೀವು ನೋಡ್ತಾ ಇರ್ಬೇಕು."

ಡಾಕ್ಟರು ಇಷ್ಟೇ ಹೇಳಿದ್ದರು. ಆದರೆ ಮ್ಯಾನೇಜರ್ ರೋಶನ್ ಸಾಹೇಬರಿಗೆ ಫಂಗಸ್ ಎಂಬ ಶಬ್ದ ಕೇಳಿಯೇ ಕೈಕಾಲು ಆಡಲಿಲ್ಲ. ಉಳಿದ ಕೊಆಲಾಗಳಿಗೆ ಏನಾದರೂ ಆದರೆ ಸೇಠ್ ತನ್ನನ್ನು ಬಿಡುವುದಿಲ್ಲ ಎಂಬ ಹೆದರಿಕೆ. ತೋಟದ ಹಿಂಬದಿಯಲ್ಲಿ ಗೋಡೌನ್ ಆಗಿದ್ದ ಕೋಣೆಯನ್ನು ತೊಳೆಸಿ, ಕೊಂಬೆಯ ಬದಲು ಕಬ್ಬಿಣದ ಪೈಪಿಗೆ ಹಗ್ಗ ಸುತ್ತಿಸಿ, ಗುಂಡವ್ವನನ್ನು ಅಲ್ಲಿಗೆ ಹಾಕಿಸಿದರು. ಅದನ್ನು ಮುಟ್ಟುವವನು ಬೇರೆ ಪ್ರಾಣಿಯ ಹತ್ತಿರ ಹೋಗಕೂಡದು, ಹೊರಗೆ ಓಡಾಡಲೂ ಕೂಡದು ಎಂದರು.

"ಹೀಗೆಲ್ಲ ಅಂಟೋದಿಲ್ಲ ಸರ್," ಎಂದು ಡಾಕ್ಟರು ಹಿಂದಿಯಲ್ಲಿ ಹೇಳಿದರು.

"ಅಂಟೋದಿಲ್ಲ ಅಂತ ನೀವು ಬರ್ಕೊಡ್ತೀರಾ ಮ್ಯಾಡಮ್? ಇಲ್ಲ ಅಲ್ವಾ. ಹಾಗಾದ್ರೆ ಕಾಕಾ ಒಳಗೇ ಇರ್ಲಿ. ರಿಪೋರ್ಟ್ ಕ್ಲೀನ್ ಬಂದ ದಿನ ಇಬ್ರೂ ಹೊರಗೆ."

ಹೀಗೆ ನಾನೂ ಒಳಗಾದೆ. ಗುಂಡವ್ವನ ಕೋಣೆಗೆ ಹೊಂದಿ ಒಂದು ಸಣ್ಣ ಕೋಣೆ, ಅದರಲ್ಲಿ ನನಗೊಂದು ಕಬ್ಬಿಣದ ಮಂಚ, ಎಲೆ ತೊಳೆಯುವ ತೊಟ್ಟಿ, ಸಂಡಾಸು. ಹೊರಬಾಗಿಲಿಗೆ ಆಚೆಯಿಂದ ಚಿಲಕ. ಬೇಡ ಎನ್ನಬಹುದಿತ್ತು. ಆದರೆ ಒಂದು ದಿನ ಬೇರೆಯವನನ್ನು ಕಳಿಸಿ ನೋಡಿದಾಗ ಗುಂಡವ್ವ ಅವನು ಕಟ್ಟಿದ ಎಲೆಯನ್ನು ಮುಟ್ಟಲಿಲ್ಲ. ಮರಿಗೆ ಹಾಲು ಬೇಕು, ಹಾಲಿಗೆ ಎಲೆ ಬೇಕು. ಕೆಲಸವೂ ಬೇಕಾಗಿತ್ತು. ಹೂಂ ಎಂದೆ.

ಒಳಗೆ ಹೊತ್ತು ಹೋಗುವುದೇ ಕಷ್ಟ. ಮೇಲೆ ಒಂದು ಪಂಖಾ, ಕೆಳಗೆ ಬಿಳಿ ಫರ್ಸಿಯ ನೆಲ. ನನ್ನ ಬದಿಗೆ ತಂತಿ ಜಾಳಿಗೆಯ ಕಿಟಕಿ, ಗುಂಡವ್ವನ ಬದಿಗೆ ಆಳೆತ್ತರದಲ್ಲಿ ಗಾಳಿ ಆಡಲು ಬಿಟ್ಟ ಒಂದು ಜಾಳಿಗೆ. ಹೊರಗೆ ಮಕ್ಕಳು ಸಾಲೆಯಿಂದ ಬಂದು ನವಿಲು ನೋಡಿ ಕೂಗುವುದು ಕೇಳುತ್ತಿತ್ತು. ನಾನು ಗುಂಡವ್ವನನ್ನು ನೋಡುವುದು, ಅದು ಕಣ್ಣು ತೆರೆದಾಗ ನನ್ನನ್ನು ನೋಡುವುದು. ಅದಕ್ಕೆ ಏನೂ ಆಗಿರಲಿಲ್ಲ. ಎಲೆ ತಿನ್ನುತ್ತಿತ್ತು, ಮಲಗುತ್ತಿತ್ತು, ಎದ್ದು ಪೈಪನ್ನು ಪರಚುತ್ತಿತ್ತು. ಡಾಕ್ಟರು ಬೆಳಿಗ್ಗೆ ಬಂದು ಮೂಗು ನೋಡಿ, ಕಡ್ಡಿ ಆಡಿಸಿಕೊಂಡು ಹೋಗುತ್ತಿದ್ದರು. ರಿಪೋರ್ಟ್ ಬಂದಾಗಲೆಲ್ಲ ಅದೇ ಮಾತು. ರೋಗ ಇಲ್ಲ, ಫಂಗಸ್ ಇದೆ.

ಊಟದ ಹೊತ್ತಿಗೆ ಸುಂದ್ರವ್ವ ನನ್ನ ಕಿಟಕಿಗೆ ಬರುತ್ತಿದ್ದಳು. ಜಾಳಿಗೆಯ ಕೆಳಗೆ ತಟ್ಟೆ ತೂರುವಷ್ಟು ಸಂದು ಇತ್ತು.

"ಏನ್ರಿ, ಎದ್ದೀರೋ, ನೀವೂ ಅದರಂಗ ಮರ ತಬ್ಕೊಂಡು ಮಲಗೀರೋ?"

"ಮರ ಎಲ್ಲದ ಇಲ್ಲಿ. ಪೈಪ್ ಅದ."

"ಹಂಗಾದ್ರ ಪೈಪ್ ತಬ್ಕೋರಿ. ರೊಟ್ಟಿ ತಂದೀನಿ, ಪುಂಡಿಪಲ್ಯ ಅದ. ಹೆಂಗದಾಳ ಬಾಣಂತಿ?"

ಅವಳು ತಮಾಷೆಗೆ ಬಾಣಂತಿ ಎನ್ನುತ್ತಿರಲಿಲ್ಲ. ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಕನ್ನಡದವರಿರಲಿ ಮರಾಠಿಯವರಿರಲಿ, ಸುಂದ್ರವ್ವನಿಗೆ ಕರೆ ಬರುತ್ತಿತ್ತು. ಎಣ್ಣೆ ಹಚ್ಚಿ ಎರೆಯುವುದು, ಕೂಸಿನ ಮೂಗು ತೀಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಶೇಗಡಿ ಹಾಕುವುದು. ಮಣ್ಣಿನ ಶೇಗಡಿಯಲ್ಲಿ ಕೆಂಡ ತುಂಬಿ, ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಬಾಣಂತಿಯ ಮಂಚದ ಕೆಳಗೆ ಇಡುತ್ತಿದ್ದಳು. ಆ ಹೊಗೆಯಲ್ಲಿ ತಾಯಿಯ ಮೈಯೂ ಕೂಸಿನ ಮೈಯೂ ಬೆಚ್ಚಗಾಗಬೇಕು, ಎದೆಯಲ್ಲಿ ಕಟ್ಟಿದ ಕಫ ಸಡಿಲಾಗಬೇಕು. ಮೂಗಿನಿಂದ ನೀರು ಇಳಿದರೆ ಅವಳಿಗೆ ಸಮಾಧಾನ. ಬಂತು ನೋಡು, ಹೊರಗ ಬಂತು, ಎನ್ನುತ್ತಿದ್ದಳು.

"ಇದೆಂಥ ಬಾಣಂತನ್ರಿ. ಕೆಳಗ ಫರ್ಸಿ, ಮ್ಯಾಲ ಪಂಖಾ. ಹಸಿ ಮೈಯಾಗ ಗಾಳಿ ಹೊಕ್ಕರ ಕೂಸಿನ ಗತಿ ಏನು? ಒಂದೀಟು ಶೇಗಡಿ ಹಾಕೂಣ್ರಿ."

"ಪ್ರಾಣಿಗಿ ಯಾರು ಶೇಗಡಿ ಹಾಕ್ತಾರ?"

"ಎಮ್ಮಿ ಈದಾಗ ನಿಮ್ಮವ್ವ ಹಾಕ್ತಿದ್ದಿಲ್ಲೇನು ಕೊಟ್ಟಿಗ್ಯಾಗ? ನಾ ಕಣ್ಣೀಲೆ ನೋಡೀನಿ."

ಅದು ಖರೆಯೇ. ಆದರೂ ಬೇಡ ಎಂದೆ. ಬೆಂಕಿ ತಂದರೆ ಕೆಲಸ ಹೋಗುತ್ತದೆ, ಡಾಕ್ಟರಬಾಯಿಯೂ ಬೈಯುತ್ತಾರೆ ಎಂದೆ. ಅವಳು ತಟ್ಟೆ ತೆಗೆದುಕೊಂಡು ಹೋದಳು.

ಅವಳ ಹಟ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ನಮ್ಮ ಮೊದಲ ಕೂಸು ಹುಟ್ಟಿದ್ದು ಒಂದು ಅರ್ಧ ಎದ್ದ ಬಿಲ್ಡಿಂಗಿನ ಒಳಗೆ. ಕಿಟಕಿ ಇನ್ನೂ ಕೂಡಿಸಿರಲಿಲ್ಲ, ಬಾಗಿಲ ಜಾಗದಲ್ಲಿ ಸಿಮೆಂಟಿನ ಚೀಲ ಕಟ್ಟಿದ್ದೆವು. ಕೆಂಡ ಇಡುತ್ತೇನೆ ಎಂದರೆ ಕೂಲಿಯವರ ಮೇಲಿನ ಮುಕಾದಮ ಬಿಡಲಿಲ್ಲ, ಕಟ್ಟಿಗೆ ಕಂಬಗಳಿವೆ, ಹೊತ್ತಿಕೊಂಡರೆ ಯಾರು ಜವಾಬ್ದಾರಿ ಎಂದ. ಚಳಿಗಾಲ. ಕೂಸಿಗೆ ಉಸಿರು ಕಟ್ಟಿತು. ಅದು ಸೀನಲಿಲ್ಲ, ಅದರ ಮೂಗು ಸೋರಲಿಲ್ಲ, ಒಣಗಿದ ಮೂಗಿನಲ್ಲೇ ಹೋಯಿತು. ಎಲ್ಲ ಒಳಗೇ ಗಟ್ಟಿಯಾಯಿತು ಎಂದು ಸುಂದ್ರವ್ವ ಈಗಲೂ ಹೇಳುತ್ತಾಳೆ. ಆಮೇಲೆ ಅವಳು ಯಾವ ಬಾಣಂತಿಯನ್ನೂ ಕೆಂಡವಿಲ್ಲದೆ ಬಿಟ್ಟದ್ದಿಲ್ಲ.

ಒಂದು ಬೆಳಿಗ್ಗೆ ಮರಿ ಚೀಲದಿಂದ ತಲೆ ಹೊರಗೆ ಹಾಕಿತು. ಕೂದಲಿನ್ನೂ ಸರಿಯಾಗಿ ಬಂದಿರಲಿಲ್ಲ, ಕಣ್ಣು ಮಾತ್ರ ಪಿಳಿಪಿಳಿ. ಡಾಕ್ಟರಬಾಯಿ ತುಂಬ ಹೊತ್ತು ನೋಡಿದರು.

"ಕಾಕಾ, ಇನ್ನು ಸ್ವಲ್ಪ ದಿನಕ್ಕೆ ಇದು ತಾಯಿಯ ಪ್ಯಾಪ್ ತಿನ್ನಬೇಕು."

"ಅಂದ್ರ?"

"ತಾಯಿ ಒಂಥರಾ ಮೆತ್ತಗೆ ಸೆಗಣಿ ಹಾಕ್ತದೆ. ಮಾಮೂಲಿದಲ್ಲ, ಬೇರೆ. ಅದನ್ನು ಮರಿ ತಿನ್ನಬೇಕು."

"ರಾಮ ರಾಮ."

"ನೀವು ಮುಖ ಸೊಟ್ಟ ಮಾಡ್ಬೇಡಿ. ನೀಲಗಿರಿ ಎಲೆ ವಿಷ ಇದ್ದ ಹಾಗೆ. ಅದನ್ನು ಅರಗಿಸೋ ಸಣ್ಣ ಸಣ್ಣ ಜೀವಗಳು ತಾಯಿ ಹೊಟ್ಟೆಯಲ್ಲಿ ಉಂಟು. ಪ್ಯಾಪ್ ತಿಂದ್ರೆ ಅವು ಮರಿಗೆ ಬರ್ತವೆ. ಇಲ್ಲಾಂದ್ರೆ ಮರಿ ಎಲೆ ತಿಂದ್ರೂ ಸಾಯ್ತದೆ, ಬಿಟ್ರೂ ಸಾಯ್ತದೆ. ಅಷ್ಟು ಆಗೋ ತನಕ ಇವೆರಡನ್ನು ಬೇರೆ ಮಾಡೋ ಹಾಗಿಲ್ಲ."

ಇದಾದ ಮೇಲೆ ಹೆಚ್ಚು ದಿನ ಆಗಿರಲಿಕ್ಕಿಲ್ಲ. ಮಧ್ಯಾಹ್ನ ಎಲೆ ತೊಳೆದು ಒಳಗೆ ಹೋದರೆ ಗುಂಡವ್ವ ಸೀನಿತು. ಮತ್ತೆ ಸೀನಿತು. ಕರಿ ಮೂಗಿನ ತುದಿಯಲ್ಲಿ ನೀರು ನಿಂತಿತ್ತು, ಕಣ್ಣು ಕೆಂಪಾಗಿತ್ತು. ಮರುದಿನವೂ ಹಾಗೆಯೇ. ನೋಡುತ್ತಿರಬೇಕೆಂದು ನನಗೆ ಹೇಳಿದ್ದೇ ಇದನ್ನು. ಡಾಕ್ಟರರಿಗೆ ಫೋನ್ ಮಾಡಿ ಹೇಳಿದೆ.

ಅವರು ಬಂದು ರಕ್ತ ತೆಗೆದರು. ಅದರ ರಿಪೋರ್ಟ್ ದೂರದ ಲ್ಯಾಬಿನಿಂದ ಬರಬೇಕು, ತಡ ಆಗುತ್ತದೆ ಎಂದರು. ಮರುದಿನ ರೋಶನ್ ಸಾಹೇಬರೂ ಜೊತೆಗೆ ಬಂದರು. ಸಾಹೇಬರು ಬಾಗಿಲ ಹೊರಗೇ ನಿಂತು ಮಾತಾಡಿದರು.

"ಕಾಯೋದು ಬೇಡ ಮ್ಯಾಡಮ್. ಸೀನಿದ್ರೆ ರೋಗ ಅಂತ ನೀವೇ ಹೇಳಿದ್ದು. ಔಷಧ ಶುರು ಮಾಡಿ."

"ಔಷಧ ಹಾಲಿಗೆ ಇಳೀತದೆ ಸರ್. ಅಷ್ಟು ಎಳೆ ಮರಿ ತಡ್ಕೊಳ್ಳಲ್ಲ."

"ಹಾಗಾದ್ರೆ ಮರಿ ತೆಗೀರಿ. ಬಾಟಲಿ ಹಾಲು ಕೊಡಿ."

"ಪ್ಯಾಪ್ ತಿಂದಿಲ್ಲ ಅದು ಇನ್ನೂ."

"ಎರಡೂ ಹೋದ್ರೆ ಸೇಠ್‌ಗೆ ಏನು ಹೇಳ್ಲಿ ನಾನು? ತಾಯಿಯಾದ್ರೂ ಉಳೀಲಿ. ನಾಳೆ ತೆಗೀರಿ."

ಡಾಕ್ಟರು ಹೂಂ ಎಂದರು. ಅವರ ಕೈಯಲ್ಲೂ ಬೇರೆ ದಾರಿ ಇರಲಿಲ್ಲ, ರೋಗ ಶ್ವಾಸಕೋಶಕ್ಕೆ ಇಳಿದಿದ್ದರೆ ತಡ ಮಾಡುವಂತಿಲ್ಲ. ಹೋಗುವಾಗ ಗುಂಡವ್ವನ ಮೂಗನ್ನು ಇನ್ನೊಮ್ಮೆ ನೋಡಿ, "ಈಗ ಒಣಗಿದೆ ನೋಡಿ," ಎಂದು ತಮಗೆ ತಾವೇ ಅಂದುಕೊಂಡರು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಬೆಳಿಗ್ಗೆ ಯಾವಾಗಲೂ ಒಣಗಿರುತ್ತಿತ್ತು. ಸೀನು ಬರುತ್ತಿದ್ದದ್ದು ಮಧ್ಯಾಹ್ನ, ನಾನು ಬಾಗಿಲು ಹಾಕಿಕೊಂಡು ನಳದ ಸದ್ದಿನಲ್ಲಿ ಎಲೆ ತೊಳೆದು ಬಂದ ಮೇಲೆ. ಗುಂಡವ್ವನ ಬೆನ್ನಿಗೆ ಮೂಗು ಹಚ್ಚಿ ಮೂಸಿದೆ. ನೀಲಗಿರಿಯ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಲೋಬಾನದ್ದು. ಅಷ್ಟು ದಿನ ಅದು ನನ್ನ ರೊಟ್ಟಿ ಕಟ್ಟಿ ತರುವ ಬಟ್ಟೆಯದೆಂದೇ ತಿಳಿದಿದ್ದೆ.

ಊಟದ ಹೊತ್ತಿಗೆ ಸುಂದ್ರವ್ವ ಬಂದಳು.

"ಹೊಗಿ ಹಾಕ್ಲತ್ತೀ ನೀ?"

ಅವಳು ಪಲ್ಯದ ಡಬ್ಬಿಯ ಮುಚ್ಚಳ ತಿರುಗಿಸುತ್ತ, "ಹೂಂ," ಎಂದಳು. "ಹಿಂದಿನ ಜಾಳಗಿಗಿ ಶೇಗಡಿ ಎತ್ತಿ ಹಿಡೀತೀನಿ. ಕೈ ಸೋತು ಹೋಗ್ತಾವ."

"ಬ್ಯಾಡ ಅಂದಿದ್ನಲ್ಲ."

"ನೀವು ಬ್ಯಾಡ ಅಂದ್ರಿ. ನಾ ಹೂಂ ಅಂದಿದ್ದಿಲ್ಲ."

"ಅದಕ್ಕ ಸೀನ ಹತ್ಯದ. ನಾಳಿ ಕೂಸಿನ ಕಸ್ಗೋತಾರ."

"ಸೀನ ಹತ್ತಿದ್ರ ಛಲೋನೇ ಆತಲ್ಲ. ಮೂಗಿನಾಗ ಬೂಷ್ಟು ಅದ ಅಂತೀರಿ. ಒಳಗ ಕುಂತದ್ದು ಹೊರಗ ಬರಬೇಕೋ ಬ್ಯಾಡೋ? ಅವರು ಕಡ್ಡಿ ಹಾಕಿ ತಿವದ್ರ ಬಂತೇನು? ನನ್ನ ಹೊಗಿಗಿ ಬರ್ಲತದ."

"ಅವರು ಅದನ್ನ ರೋಗ ಅಂತ ತಿಳಕೊಂಡಾರ. ನೀನೇ ಹೋಗಿ ಡಾಕ್ಟರಬಾಯಿಗಿ ಹೇಳು."

"ಹೇಳಿದ್ರ ರೋಶನ್ ಸಾಹೇಬ ನನ್ನ ಗೇಟಿನ ಆಚಿ ಹಾಕ್ತಾನ. ಆಮ್ಯಾಲ ಇದಕ್ಕ ಯಾರು ಹಾಕ್ತಾರ ಹೊಗಿ? ನೀವು ಹಾಕ್ತೀರಿ? ಇನ್ನೊಂದೀಟು ದಿನ ತಡೀರಿ. ಮೂಗು ತೊಳದಂಗ ಆಗ್ತದ, ನೀವೂ ಮನಿಗಿ ಬರ್ತೀರಿ."

"ಇವತ್ತ ಹಾಕಬ್ಯಾಡ. ನಾಳಿನೂ ಬ್ಯಾಡ."

"ಸುಮ್ನಿರ್ರಿ. ಬಾಣಂತನ ಗಂಡಸರಿಗಿ ತಿಳಿಯೂದಲ್ಲ."

ಅಂದು ಮಧ್ಯಾಹ್ನವೂ ಗುಂಡವ್ವ ಸೀನಿತು. ನಾನು ಜಾಳಿಗೆಯ ಹತ್ತಿರ ಹೋಗಿ ಕೂಗಿದೆ, ಬಟ್ಟೆ ಅಡ್ಡ ಹಿಡಿದೆ. ಆಚೆಯಿಂದ ಅವಳು ಕೋಲಿನಿಂದ ಬಟ್ಟೆಯನ್ನು ಸರಿಸಿದಳು. ಬಾಗಿಲು ನನ್ನ ಕೈಯಲ್ಲಿರಲಿಲ್ಲ.

ಹೇಳಿಬಿಡಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ಎರಡು ಸಲ ಡಾಕ್ಟರರ ಹೆಸರು ತೆಗೆದೆ, ಎರಡು ಸಲವೂ ಮುಚ್ಚಿಟ್ಟೆ. ಹೆಂಡತಿಯ ಮೇಲೆ ಬೇರೆಯವರ ಹತ್ತಿರ ಚಾಡಿ ಹೇಳಿ ನನಗೆ ರೂಢಿಯಿಲ್ಲ. ಹೇಳಿದರೂ ರೋಶನ್ ಸಾಹೇಬರು, ಪ್ರಾಣಿಯನ್ನು ಹಚ್ಚಿಕೊಂಡ ಮುದುಕ ನೆವ ಹೇಳುತ್ತಾನೆ ಎನ್ನುತ್ತಿದ್ದರು. ಹೇಳದಿದ್ದರೆ ಮರಿ ಹೋಗುತ್ತದೆ. ಯಾವ ಬದಿಗೆ ತಿರುಗಿದರೂ ಗೋಡೆ. ಗುಂಡವ್ವ ಪೈಪಿನ ಮೇಲೆ ಕೂತು ಚೀಲದೊಳಗೆ ಮೂತಿ ಹಾಕಿ ಮರಿಯನ್ನು ನೆಕ್ಕುತ್ತಿತ್ತು.

ಬೆಳಿಗ್ಗೆ ಇಬ್ಬರೂ ಬಂದರು. ಡಾಕ್ಟರರ ಕೈಯಲ್ಲಿ ಒಳಗೆ ಉಣ್ಣೆ ಬಟ್ಟೆ ಹಾಸಿದ ಬುಟ್ಟಿ.

"ಕಾಕಾ, ಬೆಲ್ಲಾನ ಹಿಡ್ಕೊಳ್ಳಿ," ಎಂದರು. ದನಿ ಸಣ್ಣಗಿತ್ತು.

ನಾನು ಹಿಡಿಯಲಿಲ್ಲ. "ಬಾಯಿ, ಮಧ್ಯಾಹ್ನದ ತನಕ ನಿಲ್ರಿ."

"ಯಾಕೆ?"

"ನಿಂತು ನೋಡ್ರಿ. ಮುಂಜಾನಿ ಮೂಗು ಒಣಗಿರ್ತದ. ಮಧ್ಯಾಹ್ನ ಅಷ್ಟೇ ಸೀನ್ತದ. ರೋಗಕ್ಕ ಹೊತ್ತು ಗೊತ್ತು ಇರ್ತದೇನ್ರಿ?"

"ಕಾಕಾ, ಸೀನೋದು ನೋಡ್ತಾ ಕೂರೋಕೆ ನಮಗೆ ಟೈಮ್ ಇಲ್ಲ," ಎಂದು ರೋಶನ್ ಸಾಹೇಬರು ಬಾಗಿಲಿಂದ ಹೇಳಿದರು.

ಡಾಕ್ಟರಬಾಯಿ ನನ್ನ ಮುಖ ನೋಡಿದರು. ಗುಂಡವ್ವನ ಮೂಗು ನೋಡಿದರು. ಆಮೇಲೆ ಬುಟ್ಟಿಯನ್ನು ಕೆಳಗಿಟ್ಟು, "ನೀವು ಹೋಗಿ ಸರ್. ನಾನು ಇರ್ತೇನೆ," ಎಂದರು. ಬಕೆಟ್ಟನ್ನು ಬೋರಲು ಹಾಕಿ ಮೂಲೆಯಲ್ಲಿ ಕೂತರು. ಏನಿದೆ ಹೇಳಿ ಎಂದು ನನ್ನನ್ನು ಒಮ್ಮೆ ಕೇಳಿದರು. ನಾನು ಎಲೆಯ ಕಡೆ ನೋಡಿದೆ. ಮತ್ತೆ ಕೇಳಲಿಲ್ಲ.

ಹೊತ್ತು ಏರಿತು. ಸುಂದ್ರವ್ವ ಕಿಟಕಿಗೆ ಬಂದು ರೊಟ್ಟಿ ಕೊಟ್ಟಳು. ಒಳಕೋಣೆಯಲ್ಲಿ ಡಾಕ್ಟರು ಕೂತಿದ್ದಾರೆಂದು ನಾನು ಹೇಳಲಿಲ್ಲ.

"ಯಾಕ, ಬಾಯಿ ಕಟ್ಟೇತೇನು? ಕೂಸಿನ ಒಯ್ದಿಲ್ಲಲ್ಲ ಇನ್ನ?"

"ಇಲ್ಲ."

"ನೋಡ್ರಿ, ನಾ ಹೇಳಿದ್ನಲ್ಲ," ಎಂದು ಹೋದಳು.

ನಾನು ನಳ ಬಿಟ್ಟು ಎಲೆ ತೊಳೆಯಲು ನಿಂತೆ. ಆದರೆ ನಡುವಿನ ಬಾಗಿಲು ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಜಾಳಿಗೆಯ ಆಚೆ ಬಳೆಯ ಸದ್ದಾಯಿತು. ಮೊದಲು ತೆಳ್ಳಗೆ, ಆಮೇಲೆ ದಟ್ಟಗೆ ಹೊಗೆ ಒಳಗೆ ಬಂತು. ಅದರ ಹಿಂದೆ ಅವಳ ದನಿ, ಚಾಳಿನಲ್ಲಿ ಬಾಣಂತಿಯರ ಮುಂದೆ ಆಡುವ ಅದೇ ದನಿ.

"ಉಸುರ ಎಳಕೋ ನನ್ನವ್ವ. ಚೆಂದಂಗ ಎಳಕೋ. ಹೊರಗ ಹಾಕು, ಎಲ್ಲ ಹೊರಗ ಹಾಕು. ನಿನ್ನ ಕೂಸಿಗಿ ಏನೂ ಆಗೂದಿಲ್ಲ, ನಾ ಇದ್ದೀನಿ."

ಗುಂಡವ್ವ ಮುಖ ತಿರುಗಿಸಿತು, ಕಣ್ಣು ಮುಚ್ಚಿತು, ಸೀನಿತು. ಮೂಗಿನಿಂದ ನೀರು ಇಳಿಯಿತು. ಡಾಕ್ಟರು ಮಾಸ್ಕ್ ಕೆಳಗೆ ಎಳೆದು ಗಾಳಿಯನ್ನು ಮೂಸಿದರು, ಅವರಿಗೂ ಕೆಮ್ಮು ಬಂತು. ಬಕೆಟ್ಟನ್ನು ಜಾಳಿಗೆಯ ಕೆಳಗೆ ಇಟ್ಟು ಹತ್ತಿ ಹೊರಗೆ ನೋಡಿದರು.

"ಮಾವ್ಶಿ," ಎಂದರು. "ಎಂತ ಮಾಡ್ತಾ ಇದ್ದೀರಿ?"

ಸುಂದ್ರವ್ವ ಹೆದರಲಿಲ್ಲ. ಶೇಗಡಿಯನ್ನು ಇನ್ನೂ ಎತ್ತಿ ಹಿಡಿದೇ ಇದ್ದಳಂತೆ. "ನೋಡ್ದಿರಿಲ್ಲ ಬಾಯಿ, ಹೆಂಗ ಇಳೀಲತದ. ನಿಮ್ಮ ಕಡ್ಡಿಗಿ ಬಂದಿದ್ದಿಲ್ಲ," ಎಂದಳು. ಅಷ್ಟರಲ್ಲಿ ನಾನು ತೊಳೆದ ಎಲೆ ಹಿಡಿದು ಡಾಕ್ಟರರ ಹಿಂದೆ ಬಂದು ನಿಂತಿದ್ದೆ. ಜಾಳಿಗೆಯ ಸಂದಿನಲ್ಲಿ ಅವಳ ಕಣ್ಣು ನನ್ನನ್ನು ಹುಡುಕಿ ಹಿಡಿಯಿತು.

"ನೀವು ಕೂಡ್ರಿಸೀರಿ ಇವರಿಗಿ," ಎಂದಳು.

ಅವಳು ಶೇಗಡಿ ಇಳಿಸಿದಳು. ಕೆಂಡಕ್ಕೆ ನೀರು ಸುರಿದ ಸದ್ದು ಕೇಳಿತು, ಯಾರೂ ಹೇಳುವ ಮೊದಲೇ ಅವಳೇ ಸುರಿದಳು.

ರೋಶನ್ ಸಾಹೇಬರು ಕೂಗಾಡಿದರು. ಒಣಗಿದ ಗುಡ್ಡದ ಬುಡದಲ್ಲಿ ಬೆಂಕಿ ಎಂದರೇನು ಎಂದರು. ಅವರಿಗೆ ಗೊತ್ತಿರಲಿಲ್ಲ ಸರ್, ಒಳ್ಳೇದಕ್ಕೆ ಅಂತ ಮಾಡಿದ್ದು, ಎಂದು ಡಾಕ್ಟರು ಹೇಳಿ ನೋಡಿದರು. ಸಾಹೇಬರು ಕೇಳಲಿಲ್ಲ. ಸಂಜೆಯೊಳಗೆ ಸುಂದ್ರವ್ವನ ಗುರುತಿನ ಕಾರ್ಡ್ ಕಿತ್ತುಕೊಂಡು ಗೇಟಿನ ಆಚೆ ಕಳಿಸಿದರು. ಹೋಗುವಾಗ ಅವಳು ನನ್ನ ಕಿಟಕಿಯ ಕಡೆಗೆ ಬರಲಿಲ್ಲ. ನಾನು ಜಾಳಿಗೆ ಹಿಡಿದು ನಿಂತೇ ಇದ್ದೆ.

ಬುಟ್ಟಿ ಖಾಲಿಯಾಗಿಯೇ ವಾಪಸು ಹೋಯಿತು. ಹೊಗೆ ನಿಂತ ಮೇಲೆ ಸೀನೂ ನಿಂತಿತು. ರಕ್ತದ ರಿಪೋರ್ಟೂ ಬಂತು, ಅದರಲ್ಲಿ ಏನೂ ಇರಲಿಲ್ಲ. ಊಟ ಈಗ ಕ್ಯಾಂಟೀನಿನಿಂದ ಬರುತ್ತಿತ್ತು, ವಾಚ್‌ಮನ್ ಕಿಟಕಿಯಲ್ಲಿಟ್ಟು ಹೋಗುತ್ತಿದ್ದ. ಸುಂದ್ರವ್ವನಿಗೆ ಫೋನ್ ಮಾಡಿದರೆ ಗಂಟೆ ಹೊಡೆದು ಹೊಡೆದು ನಿಲ್ಲುತ್ತಿತ್ತು. ಪಕ್ಕದ ಖೋಲಿಯವರಿಗೆ ಮಾಡಿದೆ. ಅವಳು ಆರಾಮ ಇದ್ದಾಳೆ, ಯಾರದೋ ಬಾಣಂತನಕ್ಕೆ ಹೋಗಿದ್ದಾಳೆ ಎಂದರು.

ಒಂದು ಮುಂಜಾನೆ ಮರಿ ಅರ್ಧ ಮೈ ಹೊರಗೆ ಹಾಕಿ, ಕೆಳಕ್ಕೆ ಜೋತು, ತಾಯಿಯ ಹಿಂಬದಿಗೆ ಮೂತಿ ಒತ್ತಿ ತಡಕಾಡತೊಡಗಿತು. ಗುಂಡವ್ವ ಅಲುಗಾಡದೆ ಕೂತಿತ್ತು. ಹಸಿರು ಅಂಬಲಿಯಂಥದ್ದು ಬಂತು. ಮರಿ ಅದನ್ನು ಚಪ್ಪರಿಸಿ ತಿಂದ ರೀತಿಗೆ ಮುಖವೆಲ್ಲ ಮೆತ್ತಿಕೊಂಡಿತು. ನಾನು ಗೋಡೆಗೆ ಬೆನ್ನು ಕೊಟ್ಟು ಕೂತು ನೋಡಿದೆ. ಡಾಕ್ಟರರಿಗೆ ಹೇಳುವ ಮೊದಲು ಮನೆಗೆ ಫೋನ್ ಮಾಡಿದೆ. ಅಂದು ಅವಳು ಎತ್ತಿದಳು.

"ತಿಂತು," ಎಂದೆ.

ಆಚೆ ನೀರು ತುಂಬುವ ಸದ್ದು. "ಏನು?" ಎಂದಳು.

"ಕೂಸು. ತಾಯಿದು ತಿಂತು. ಇನ್ನ ಬದುಕ್ತದ ಅಂತ."

"ಅದು ಹೇಲ ತಿನ್ನಲಿ ಅಂತ ನನ್ನ ಹೊರಗ ಹಾಕಿಸಿದ್ರಿ."

"ನೀ ಕೇಳಿದ್ದಿಲ್ಲ."

"ನೀವು ಹೇಳೇ ಇದ್ದಿಲ್ಲ, ಅವರು ಒಳಗದಾರ ಅಂತ. ರೊಟ್ಟಿ ಇಸಗೊಂಡ್ರಿ, ಬಾಯಿ ಮುಚ್ಚಿದ್ರಿ." ಬಿಂದಿಗೆ ತುಂಬಿ ಹೊರಚೆಲ್ಲುವುದು ಕೇಳಿತು. "ಮೂಗು ಹೆಂಗದ ಅದರದು?"

"ಒಣಗ್ಯದ."

"ಒಣಗಬಾರದಿತ್ತು," ಎಂದು ಫೋನ್ ಇಟ್ಟಳು.

ಈಗ ಮರಿ ಚೀಲ ಬಿಟ್ಟು ತಾಯಿಯ ಬೆನ್ನೇರಿದೆ. ನಾನು ಇನ್ನೂ ಒಳಗೇ ಇದ್ದೇನೆ. ಡಾಕ್ಟರಬಾಯಿ ಬಂದಾಗಲೆಲ್ಲ ಗುಂಡವ್ವನ ಮೂಗಿಗೆ ಕಡ್ಡಿ ಆಡಿಸುತ್ತಾರೆ, ಫಂಗಸ್ ಇದ್ದಲ್ಲೇ ಇದೆ ಎಂದು ರಿಪೋರ್ಟ್ ಬರುತ್ತದೆ. ಕಳೆದ ಸಲ ಕೇಳಿಯೇಬಿಟ್ಟೆ.

"ಬಾಯಿ, ಇದು ಹೋಗೂದು ಯಾವಾಗ?"

ಅವರು ಕೈಗವಸು ಕಳಚಿದರು. "ಹೋಗ್ಲಿಕ್ಕಿಲ್ಲ ಕಾಕಾ. ಇವುಗಳ ಮೂಗಲ್ಲಿ ಆಯುಷ್ಯ ಪೂರ್ತಿ ಇರಬಹುದು, ಏನೂ ಮಾಡದೆ. ರೋಶನ್ ಸರ್‌ಗೆ ನಾನು ಎಷ್ಟು ಸಲ ಹೇಳಿದೆ. ಕ್ಲೀನ್ ಅಂತ ಬರೋ ತನಕ ಬಾಗಿಲು ತೆಗಿಯಲ್ಲ ಅಂತಾರೆ."

"ಕ್ಲೀನ್ ಅಂತ ಬರೂದಿಲ್ಲ ಅಂತೀರಿ ನೀವು."

"ಮಾತಾಡ್ತೇನೆ ಇನ್ನೊಂದ್ಸಲ," ಎಂದರು. ಹಾಗೆ ಎಷ್ಟೋ ಸಲ ಹೇಳಿದ್ದಾರೆ. ಆಮೇಲೆ ತೆಳುವಾದ ಒಂದು ಕಡ್ಡಿ ತೆಗೆದರು. "ಇವತ್ತು ಮರಿದೂ ತೆಗೀಬೇಕು. ಸ್ವಲ್ಪ ತಲೆ ಹಿಡ್ಕೊಳ್ಳಿ."

ಹಿಡಿದೆ. ನನ್ನ ಅಂಗೈಯಲ್ಲಿ ಅದರ ತಲೆ ಪೂರಾ ಕೂತಿತು. ಉಗುರು ನನ್ನ ಬೆರಳಿಗೆ ಚುಚ್ಚಿತು, ಬಿಡಲಿಲ್ಲ.

ಅದರ ರಿಪೋರ್ಟ್ ಇವತ್ತು ಬಂದಿದೆ. ಡಾಕ್ಟರು ಒಳಗೆ ಬರದೆ ಕಿಟಕಿಯ ಹತ್ತಿರ ನಿಂತು, "ಮರಿಗೂ ಬಂದಿದೆ ಕಾಕಾ," ಎಂದರು.

"ರೋಗ?"

"ಇಲ್ಲ ಇಲ್ಲ. ರೋಗ ಇಲ್ಲ. ಫಂಗಸ್ ಮಾತ್ರ."

ನಾನು ಒಳಗೆ ನೋಡಿದೆ. ಮರಿ ತಾಯಿಯ ಹೆಗಲ ಮೇಲಿಂದ ಕೈ ಚಾಚಿ ಮೊದಲ ಸಲ ಒಂದು ಎಳೆ ಎಲೆಯನ್ನು ಬಾಯಿಗೆ ಎಳೆದುಕೊಳ್ಳುತ್ತಿತ್ತು.

"ಹಂಗಾದ್ರ ವ್ಯಾನಿನವರಿಗಿ ಹೇಳ್ರಿ," ಎಂದೆ. "ನಾಳಿಯಿಂದ ಎಲಿ ಜಾಸ್ತಿ ಬೇಕಾಗ್ತದ."